ಬೆಂಡೆಕಾಯಿ ನೀರಿನ ಸುದ್ದಿ ಕೇಳಿ ಅವ್ವ ಶುಗರ್ ಗುಳಿಗೆ ಬಿಟ್ಟಿದ್ದಾಳೆ. ಆರೋಗ್ಯದ ಸುದ್ದಿಗೆ ಚೀಟಿ ಯಾವುದು?

ಸಿಂಧನೂರು ಬೀಜದಂಗಡಿ:

ನಮಸ್ಕಾರ. ನನ್ನದು ಸಿಂಧನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಓದಿದ್ದು ಪಿಯುಸಿ. ಇಂಗ್ಲಿಷ್ ಓದಬಲ್ಲೆ, ಆದರೆ ನಿಧಾನ. ಮನೆಯಲ್ಲಿ ನಡೆದ ಸಂಗತಿ ಹೇಳಿ ನಿಮ್ಮನ್ನು ಒಂದು ಮಾತು ಕೇಳಬೇಕು.

ಅವ್ವನಿಗೆ 66 ವರ್ಷ. ಶುಗರ್ ಬಂದು 11 ವರ್ಷ ಆಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಟ್‌ಫಾರ್ಮಿನ್ ಗುಳಿಗೆ. ತಿಂಗಳಿಗೊಮ್ಮೆ ನಾನೇ ತಂದು ಕೊಡುತ್ತೇನೆ. ಹೋದ ತಿಂಗಳು ದೇವರ ಜಗಲಿ ಒರೆಸುವಾಗ ಫೋಟೋದ ಹಿಂದೆ ನಾಲ್ಕು ಶೀಟು ಗುಳಿಗೆ ಸಿಕ್ಕವು. ಒಂದೂ ಒಡೆದಿರಲಿಲ್ಲ. ಕೇಳಿದರೆ ಮೊದಲು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಈಗ ಬೆಂಡಿಕಾಯಿ ನೀರು ಕುಡೀತೀನಿ. ಅದ್ರಾಗೇ ಕಮ್ಮಿ ಆಗತೈತಿ."

ಪಕ್ಕದ ಮನೆಯ ಹುಡುಗಿ ಮೊಬೈಲ್‌ನಲ್ಲಿ ಓದಿ ಹೇಳಿದ್ದಂತೆ. ರಾತ್ರಿ ಎರಡು ಬೆಂಡೆಕಾಯಿ ಸೀಳಿ ಲೋಟದ ನೀರಿಗೆ ಹಾಕಿಡುವುದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ನೀರು ಕುಡಿಯುವುದು. ಮೂರು ವಾರ ಹೀಗೇ ನಡೆದಿದೆ. ಮರುದಿನ ಬೆಳಿಗ್ಗೆ ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಮೊದಲು ಖಾಲಿ ಹೊಟ್ಟೆಯಲ್ಲಿ 140ರ ಆಸುಪಾಸು ಇರುತ್ತಿತ್ತು. ಈಗ 231. ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿ ಅಂದರು. ಮೊಬೈಲ್ ನೋಡಿ ಔಷಧ ಮಾಡಬೇಡಿ ಅಂದರು. ಹೊರಗೆ ಮಂದಿ ಬಹಳ ಕಾಯುತ್ತಿದ್ದರು. ಮಾತು ಅಲ್ಲಿಗೇ ಮುಗಿಯಿತು.

ಅವ್ವ ಮಾತ್ರ ಒಪ್ಪಲಿಲ್ಲ. "ವಿಜ್ಞಾನಿಗಳು ಕಂಡುಹಿಡಿದಾರ ಅಂತ ಬರ್ದೈತಿ. ಅವರ್ಯಾಕ ಸುಳ್ಳು ಬರೀತಾರ?" ಅಂದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ಆ ಸುದ್ದಿ ಹುಡುಕಿ ಓದಿದೆ. ಕನ್ನಡದ ಒಂದು ಆರೋಗ್ಯದ ವೆಬ್‌ಸೈಟ್. ನಾಲ್ಕು ಪ್ಯಾರಾ. ಬರೆದವರ ಹೆಸರಿಲ್ಲ. ಬಿಳಿ ಕೋಟಿನ ಡಾಕ್ಟರ್ ಫೋಟೋ ಇದೆ, ಯಾರು ಅಂತ ಇಲ್ಲ. "ವಿದೇಶಿ ವಿಶ್ವವಿದ್ಯಾಲಯದ ಸಂಶೋಧನೆ" ಅಂತ ಇದೆ, ಯಾವ ದೇಶ, ಯಾವ ವರ್ಷ ಅಂತ ಇಲ್ಲ. ನಡುವೆ ಶುಗರ್ ಪುಡಿಯ ಜಾಹೀರಾತು. ಕೊನೆಗೆ ಸಣ್ಣ ಅಕ್ಷರದಲ್ಲಿ "ಇದು ಮಾಹಿತಿಗಾಗಿ ಮಾತ್ರ, ವೈದ್ಯರನ್ನು ಕೇಳಿ" ಅಂತ. ಇದು ಕಳಪೆ ಅಂತ ನನಗೂ ತಿಳಿಯಿತು. ಆದರೆ ಇದೇ ವಿಷಯ ಚೆನ್ನಾಗಿರುವ ಇಂಗ್ಲಿಷ್ ವೆಬ್‌ಸೈಟ್‌ಗಳಲ್ಲೂ ಇತ್ತು. ಅಲ್ಲಿ ಹೆಸರೂ ಇತ್ತು, ದಿನಾಂಕವೂ ಇತ್ತು. ಆಗ ನನ್ನ ತಲೆ ಕೆಟ್ಟಿತು.

ನನ್ನ ಅಂಗಡಿಯ ಮಾತು ಹೇಳುತ್ತೇನೆ. ಭತ್ತದ ಬೀಜದ ಚೀಲ ಬಂದರೆ ನಾನು ಮೊದಲು ನೋಡುವುದು ಬಾಯಿಗೆ ಹೊಲಿದ ಚೀಟಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ. ಅದರಲ್ಲಿ ಯಾವ ತಂಡದ ಬೀಜ ಅಂತ ಹೇಳುವ ಲಾಟ್ ನಂಬರ್ ಇರಬೇಕು. ಮೊಳಕೆ ಎಷ್ಟು ಪರ್ಸೆಂಟ್ ಅಂತ ಇರಬೇಕು, ಭತ್ತಕ್ಕೆ 80ಕ್ಕಿಂತ ಕಡಿಮೆ ಇರಬಾರದು. ಪರೀಕ್ಷೆ ಮಾಡಿದ ದಿನ ಇರಬೇಕು. ಒಂಬತ್ತು ತಿಂಗಳು ಮೀರಿದ್ದರೆ ಮತ್ತೆ ಪರೀಕ್ಷೆ ಆಗದೆ ನಾನು ಮಾರುವುದಿಲ್ಲ. ಚೀಲ ಎಷ್ಟೇ ಚಂದ ಇರಲಿ, ಕಂಪನಿ ಎಷ್ಟೇ ದೊಡ್ಡದಿರಲಿ, ಚೀಟಿ ಇಲ್ಲದಿದ್ದರೆ ಇಳಿಸಿಕೊಳ್ಳುವುದಿಲ್ಲ. ಒಂದು ವರ್ಷ ಚೀಟಿ ನೋಡದೆ ಇಳಿಸಿಕೊಂಡು ಒಬ್ಬ ರೈತನ ನಾಲ್ಕು ಎಕರೆ ಸಸಿ ಹಾಳಾಗಿತ್ತು. ಆ ನೋವು ಇನ್ನೂ ಇದೆ.

ಆರೋಗ್ಯದ ಸುದ್ದಿಗೆ ಅಂಥ ಚೀಟಿ ಯಾವುದು? ನನ್ನಂಥವನು ಅದನ್ನು ಎಲ್ಲಿ ಹುಡುಕಬೇಕು? ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್ ಅಕ್ಕ, ಬಳ್ಳಾರಿ:

ಅಣ್ಣಾ, ಮೊದಲು ಅವ್ವನ ವಿಷಯ. ಬಿಟ್ಟ ದಿನಗಳದ್ದು ತುಂಬಿಸೋಣ ಅಂತ ಎರಡೆರಡು ಗುಳಿಗೆ ಕೊಡಬೇಡಿ. ಡಾಕ್ಟರು ಹೇಳಿದಷ್ಟೇ ಕೊಡಿ. ಎಚ್‌ಬಿಎ1ಸಿ ಅಂತ ಒಂದು ಪರೀಕ್ಷೆ ಇದೆ, ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಇಲ್ಲಿ ಎಲ್ಲರೂ ಮೂರು ತಿಂಗಳ ಶುಗರ್ ಅಂತಾರೆ. ಅದನ್ನು ಈಗ ಒಮ್ಮೆ ಮಾಡಿಸಿ ಇಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ. 6.5 ಪರ್ಸೆಂಟ್ ಮುಟ್ಟಿದರೆ ಶುಗರ್ ಕಾಯಿಲೆ ಅಂತ ಲೆಕ್ಕ. ಅವ್ವನದು ಅದಕ್ಕಿಂತ ಮೇಲೇ ಇರುತ್ತದೆ, ಹೆದರಬೇಡಿ. ಎಷ್ಟು ಮೇಲೆ ಅನ್ನುವುದೇ ಮುಖ್ಯ.

ಇನ್ನು ವೆಬ್‌ಸೈಟ್. ನಾನು ಮೊದಲು ನೋಡುವುದು ಅಕ್ಕಪಕ್ಕದ ಜಾಹೀರಾತನ್ನು. 1954ರಿಂದ ನಮ್ಮ ದೇಶದಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲೆ ಒಂದು ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ, ಮಧುಮೇಹವೂ ಇದೆ. ಅವನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. ಅಂಥ ಜಾಹೀರಾತಿನ ದುಡ್ಡು ತೆಗೆದುಕೊಳ್ಳುವವರು ಅದೇ ಪುಟದಲ್ಲಿ ಶುಗರ್ ಬಗ್ಗೆ ಬರೆದದ್ದನ್ನು ನಾನು ಓದುವುದಿಲ್ಲ.

ನೀವು ಚೀಟಿ ಅಂದಿರಲ್ಲ, ಹಿಂದೆ ನಿಜವಾಗಿಯೂ ಒಂದು ಇತ್ತು. ಹಾನ್‌ಕೋಡ್ ಅಂತ, ಜಿನೀವಾದ ಒಂದು ಸಂಸ್ಥೆ 1990ರ ದಶಕದಿಂದ ಆರೋಗ್ಯದ ವೆಬ್‌ಸೈಟ್‌ಗಳನ್ನು ನೋಡಿ ಮುದ್ರೆ ಕೊಡುತ್ತಿತ್ತು. ಬರೆದವರು ಯಾರು, ಆಧಾರ ಏನು, ದುಡ್ಡು ಯಾರದು ಅಂತ ಕೇಳುತ್ತಿತ್ತು. 2022ರ ಕೊನೆಗೆ ಅದು ನಿಂತುಹೋಯಿತು. ಈಗ ಎಲ್ಲಾದರೂ ಆ ಮುದ್ರೆ ಕಂಡರೆ ನಿಮ್ಮ ಅವಧಿ ಮೀರಿದ ಚೀಟಿ ಇದ್ದ ಹಾಗೆ.

ಕೊಪ್ಪಳದ ಮಾಸ್ತರ್:

ತಮ್ಮಾ, ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ನಿನ್ನ ಬೀಜದ ಚೀಟಿಯ ಮಾತು ಓದಿ ಸಂತೋಷವಾಯಿತು. ದಾರಿ ಅದೇ. ಆದರೆ ನೀನು ಚೀಟಿಯನ್ನು ಅಂಗಡಿಯ ಬೋರ್ಡಿನ ಮೇಲೆ ಹುಡುಕುತ್ತಿದ್ದೀಯ. ಒಂದೇ ಅಂಗಡಿಯಲ್ಲಿ ಒಳ್ಳೆಯ ಚೀಲವೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಚೀಲಕ್ಕೊಂದು ಚೀಟಿ, ಸುದ್ದಿಗೊಂದು ಚೀಟಿ. ಸುದ್ದಿಯ ಲಾಟ್ ನಂಬರ್ ಅಂದರೆ ಅದು ಹೇಳುವ ಅಧ್ಯಯನ. ಯಾರು ಮಾಡಿದ್ದು, ಯಾವ ಸಂಶೋಧನಾ ಪತ್ರಿಕೆಯಲ್ಲಿ ಬಂತು, ಯಾವ ವರ್ಷ. ಅದಕ್ಕಿಂತ ಮೊದಲು, ಯಾರ ಮೇಲೆ ಮಾಡಿದ್ದು?

ಬೆಂಡೆಕಾಯಿ ವಿಷಯ ನಾನು ನಿನ್ನೆ ಕೂತು ನೋಡಿದೆ. ಸುಳ್ಳು ಅಂತ ತಳ್ಳಿಹಾಕುವ ಹಾಗಿಲ್ಲ. ಅಧ್ಯಯನಗಳಿವೆ. ಆದರೆ ಹೆಚ್ಚಿನವು ಇಲಿಗಳ ಮೇಲೆ. ಆ ಇಲಿಗಳಿಗೆ ಶುಗರ್ ತಾನಾಗಿ ಬಂದದ್ದಲ್ಲ. ಹೆಚ್ಚಾಗಿ ಸ್ಟ್ರೆಪ್ಟೊಜೊಟೊಸಿನ್ ಅನ್ನುವ ರಾಸಾಯನಿಕದ ಇಂಜೆಕ್ಷನ್ ಕೊಡುತ್ತಾರೆ. ಅದು ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಲ್ಲುತ್ತದೆ. ಅವ್ವನ ಶುಗರ್ ಬಂದ ದಾರಿ ಅದಲ್ಲ. ಮನುಷ್ಯರ ಮೇಲೂ ಸಣ್ಣ ಪ್ರಯೋಗಗಳು ಆಗಿವೆ, ಇರಾನ್‌ನಲ್ಲಿ ಆಗಿವೆ. ಅಲ್ಲಿ ರೋಗಿಗಳು ಗುಳಿಗೆ ಬಿಟ್ಟು ಬೆಂಡೆಕಾಯಿ ತಿನ್ನಲಿಲ್ಲ. ಗುಳಿಗೆಯ ಜೊತೆಗೆ ತಿಂದರು.

ಇನ್ನೊಂದು ಓದಿ ನಾನೇ ಎದ್ದು ಕೂತೆ. 2011ರಲ್ಲಿ ಬಾಂಗ್ಲಾದೇಶದ ಸಂಶೋಧಕರು ಬೆಂಡೆಕಾಯಿಯ ನೀರನ್ನೂ ಮೆಟ್‌ಫಾರ್ಮಿನನ್ನೂ ಇಲಿಗಳಿಗೆ ಒಟ್ಟಿಗೆ ಕೊಟ್ಟು ನೋಡಿದ್ದಾರೆ. ಆ ಲೋಳೆ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡೆಯಿತು, ನಿಜ. ಜೊತೆಗೆ ಮೆಟ್‌ಫಾರ್ಮಿನ್ ಸೇರುವುದನ್ನೂ ತಡೆಯಿತು. ಇದೂ ಇಲಿಗಳದ್ದೇ, ಮನುಷ್ಯರಿಗೆ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಬೆಂಡೆಕಾಯಿ ಹೊಗಳಲು ಇಲಿಯ ಲೆಕ್ಕ ತರುವವರು ಇದನ್ನೂ ತರಬೇಕಲ್ಲವೇ? ನಿನ್ನ ನಾಲ್ಕು ಪ್ಯಾರಾದಲ್ಲಿ ಇದು ಇದೆಯೇ ನೋಡು.

ಚೀಟಿ ಸರಿ ಇದ್ದರೂ ಮೋಸ ಹೋಗಬಹುದು. ಅದಕ್ಕೆ ಪಪ್ಪಾಯಿ ಎಲೆಯ ಉದಾಹರಣೆ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಡೆಂಗ್ಯೂ ಬಂದರೆ ಪಪ್ಪಾಯಿ ಗಿಡದಲ್ಲಿ ಎಲೆಯೇ ಉಳಿಯುವುದಿಲ್ಲ. ಆ ಸುದ್ದಿಯ ಹಿಂದೆ ಖರೆ ಅಧ್ಯಯನವೇ ಇದೆ. ಮಲೇಷ್ಯಾದ್ದು, 2013ರಲ್ಲಿ ಬಂತು, 228 ರೋಗಿಗಳು. ಮನುಷ್ಯರೇ. ಎಲೆಯ ರಸ ಕುಡಿದವರಲ್ಲಿ ಪ್ಲೇಟ್‌ಲೆಟ್ ಬೇಗ ಏರಿತು ಅಂತ ಅದು ಹೇಳುತ್ತದೆ. ಆದರೆ ಯಾರು ಕುಡಿದರು, ಯಾರು ಕುಡಿಯಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡ ಮಾತು, ಅಲ್ಲಿ ಅಳೆದದ್ದು ಪ್ಲೇಟ್‌ಲೆಟ್ ಸಂಖ್ಯೆಯನ್ನು. ಡೆಂಗ್ಯೂನಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತದ ನೀರಿನ ಅಂಶ ನಾಳದಿಂದ ಹೊರಗೆ ಸೋರಿ, ಬಿಪಿ ಬಿದ್ದು. ಅದೂ ಜ್ವರ ಇಳಿಯುವ ಹೊತ್ತಿನಲ್ಲಿ. ಹೊಟ್ಟೆ ನೋವು ಜೋರಾಗುವುದು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಸುಸ್ತಾಗಿ ಮಲಗಿಬಿಡುವುದು, ಇವು ಕಂಡರೆ ಆ ಕ್ಷಣವೇ ದವಾಖಾನೆಗೆ ಓಡಬೇಕು. ನಮ್ಮ ಓಣಿಯ ಒಬ್ಬ ತಾಯಿ ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಏರಿತು ಅಂತ ಮಗನನ್ನು ಮನೆಯಲ್ಲೇ ಇಟ್ಟುಕೊಂಡಿದ್ದಳು. ಸಂಜೆಗೆ ಹುಡುಗನ ಕೈಕಾಲು ತಣ್ಣಗಾದವು. ದೇವರ ದಯೆ, ಹೊತ್ತಿಗೆ ಮುಟ್ಟಿಸಿದೆವು, ಉಳಿದ. ಅವಳು ಓದಿದ್ದು ಸುಳ್ಳಲ್ಲ. ಆದರೆ ಓದಿದ ಸುದ್ದಿ ಅವಳಿಗೆ ಬೇಕಾದ ಪ್ರಶ್ನೆಗೆ ಉತ್ತರ ಆಗಿರಲಿಲ್ಲ.

ಹತ್ತಿಹೊಲ, ರಾಯಚೂರು:

ಮಾಸ್ತರರೇ, ನಮಸ್ಕಾರ. ನಾನು ಇಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ನಿಮ್ಮ ಮಾತಿಗೆ ಒಂದು ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಅಧ್ಯಯನದ ವಿಳಾಸ ಸಿಕ್ಕರೆ ಸಾಲದು. ದೊಡ್ಡ ಪತ್ರಿಕೆಯ ಹೆಸರಿದ್ದರೂ ಸಾಲದು. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಬಾರದಂತೆ ಹಾಕುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವ ಭಯ ಹುಟ್ಟಿದ್ದು 1998ರಲ್ಲಿ ಲ್ಯಾನ್ಸೆಟ್ ಅನ್ನುವ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ವೇಕ್‌ಫೀಲ್ಡ್ ಅನ್ನುವ ಡಾಕ್ಟರರ ಲೇಖನದಿಂದ. ಬರೀ 12 ಮಕ್ಕಳು. ಪತ್ರಿಕೆ ಅದನ್ನು ಪೂರ್ತಿ ವಾಪಸ್ ತೆಗೆದುಕೊಂಡದ್ದು 2010ರಲ್ಲಿ. ಆ 12 ವರ್ಷ ಅದಕ್ಕೆ ನೀಲಿ ಚೀಟಿ ಇತ್ತು ಅಂತಲೇ ಲೆಕ್ಕ.

ಉಬ್ಬಿಸುವುದು ಬರೀ ವೆಬ್‌ಸೈಟ್‌ನವರ ಕೆಲಸವೂ ಅಲ್ಲ. 2014ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಪತ್ರಕರ್ತರಿಗೆ ಕಳಿಸಿದ 462 ಹೇಳಿಕೆಗಳನ್ನು ಮೂಲ ಸಂಶೋಧನೆಯ ಜೊತೆ ಇಟ್ಟು ನೋಡಿದರು. ಪ್ರಾಣಿಗಳ ಮೇಲಿನ ಅಧ್ಯಯನದ ಹೇಳಿಕೆಗಳಲ್ಲಿ, ಮನುಷ್ಯರಿಗೂ ಹೀಗೇ ಅನ್ನುವಂತೆ ಉಬ್ಬಿಸಿದವು 36 ಪರ್ಸೆಂಟ್. ಹೇಳಿಕೆಯಲ್ಲೇ ಉಬ್ಬಿಸಿದ್ದರೆ 86 ಪರ್ಸೆಂಟ್ ಸುದ್ದಿಗಳೂ ಉಬ್ಬಿದ್ದವು. ಹೇಳಿಕೆ ನೆಟ್ಟಗಿದ್ದರೆ ಬರೀ 10. ಅಂದರೆ ಎಷ್ಟೋ ಸಲ ಕೊಳೆ ಸೇರುವುದು ಕಾಲುವೆಯ ಮೇಲ್ಭಾಗದಲ್ಲೇ.

ಬೀಜದ ಅಣ್ಣಾ, ನಿಮಗೆ ಗೊತ್ತಿರುವ ಮಾತೇ ಇದು. ಒಂದು ಹೊಸ ತಳಿ ಒಬ್ಬರ ಹೊಲದಲ್ಲಿ ಎಕರೆಗೆ 50 ಚೀಲ ಕೊಟ್ಟಿತು ಅಂದರೆ ನೀವು ನಂಬುತ್ತೀರಾ? ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ವರ್ಷ, ಪಕ್ಕದಲ್ಲಿ ಹಳೆಯ ತಳಿಯನ್ನೂ ಹಾಕಿ ಹೋಲಿಸಿ ನೋಡಿದ ಮೇಲೇ ತಳಿ ಬಿಡುಗಡೆ ಆಗುವುದು. ಸುದ್ದಿಯಲ್ಲೂ ಅದನ್ನೇ ನೋಡಿ. ಬೇರೆಯವರೂ ಮಾಡಿ ನೋಡಿದ್ದಾರಾ? ಈಗಿರುವ ಗುಳಿಗೆಯ ಪಕ್ಕ ಇಟ್ಟು ಹೋಲಿಸಿದ್ದಾರಾ? ಅದರಿಂದ ಆಗುವ ತೊಂದರೆ ಹೇಳಿದ್ದಾರಾ? ಅಧ್ಯಯನಕ್ಕೆ ಸೇರದ ಇನ್ನೊಬ್ಬ ತಜ್ಞರನ್ನು ಕೇಳಿದ್ದಾರಾ? ಅಮೆರಿಕದಲ್ಲಿ ಹೆಲ್ತ್ ನ್ಯೂಸ್ ರಿವ್ಯೂ ಅಂತ ಒಂದು ವೆಬ್‌ಸೈಟ್ 2006ರಿಂದ 2018ರ ತನಕ ಇಂಥ ಹತ್ತು ಪ್ರಶ್ನೆ ಇಟ್ಟುಕೊಂಡು ದೊಡ್ಡ ದೊಡ್ಡ ಪತ್ರಿಕೆಗಳ ಸುದ್ದಿಗೆ ಅಂಕ ಕೊಡುತ್ತಿತ್ತು. ನಾನು ಹೇಳಿದ ಕೊನೆಯ ಮೂರು ಅದರಲ್ಲಿದ್ದವು.

ಅಧ್ಯಯನಗಳನ್ನು ಹುಡುಕಲು ಪಬ್‌ಮೆಡ್ ಅನ್ನುವ ವೆಬ್‌ಸೈಟ್ ಇದೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಗ್ರಂಥಾಲಯದ್ದು, ದುಡ್ಡು ಕೊಡಬೇಕಿಲ್ಲ. ಪೂರ್ತಿ ಓದಬೇಕಿಲ್ಲ. ಎಷ್ಟೋ ಸಲ ಇಲಿ ಅನ್ನುವ ಪದ ಶೀರ್ಷಿಕೆಯಲ್ಲೇ ಇರುತ್ತದೆ.

ಕೊಪ್ಪಳದ ಮಾಸ್ತರ್:

ಬೇಜಾರಿಲ್ಲ ಮಗಾ. ನೀನು ಹೇಳಿದ್ದು ಸರಿ. ನಾನು ಚೀಟಿಗೆ ನಿಲ್ಲಿಸಿದೆ, ನೀನು ಹೊಲದ ತನಕ ಹೋದೆ.

ಸಿಂಧನೂರು ಬೀಜದಂಗಡಿ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಹತ್ತು ದಿನ ಆಯಿತು, ಏನಾಯಿತು ಅಂತ ತಿಳಿಸಬೇಕು ಅನ್ನಿಸಿತು.

ಅಂಗಡಿ ಮುಚ್ಚಿದ ಮೇಲೆ ಪಬ್‌ಮೆಡ್ ತೆರೆದೆ. ಬೆಂಡೆಕಾಯಿಗೆ ಇಂಗ್ಲಿಷಿನಲ್ಲಿ ಓಕ್ರಾ ಅಂತ ಹಾಕಬೇಕು ಅನ್ನುವುದೇ ಮೊದಲು ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ರಾಯಚೂರಿನ ತಮ್ಮ ಹೇಳಿದ್ದು ನಿಜ, ಸಾಲಾಗಿ ಶೀರ್ಷಿಕೆಯಲ್ಲೇ ರ್ಯಾಟ್ಸ್, ರ್ಯಾಟ್ಸ್ ಅಂತ ಇತ್ತು. ಮಾಸ್ತರರು ಹೇಳಿದ ಬಾಂಗ್ಲಾದೇಶದ್ದೂ ಸಿಕ್ಕಿತು. ಕನ್ನಡದ ಆ ನಾಲ್ಕು ಪ್ಯಾರಾದಲ್ಲಿ ಇಲಿ ಅನ್ನುವ ಪದ ಒಂದು ಸಲವೂ ಇಲ್ಲ.

ಮರುದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕ ಕೂತು ಹೇಳಿದೆ, ವಿಜ್ಞಾನಿಗಳು ನೋಡಿದ್ದು ಖರೇನೆ, ಆದರೆ ಇಲಿಗಳ ಮೇಲೆ ಅಂತ. ಬಡಿಯುವ ಕೈ ನಿಲ್ಲಿಸಿ ಕೇಳಿದಳು: "ಇಲಿಗೆ ಶುಗರ್ ಹ್ಯಾಂಗ ಬಂತು?" ಇಂಜೆಕ್ಷನ್ ಕೊಟ್ಟು ಬರಿಸಿದ್ದು ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅವಳೇ ಬಾಯಿ ಬಿಟ್ಟಳು. ಆ ಗುಳಿಗೆ ತಗೊಂಡರೆ ಹೊಟ್ಟೆ ಉಬ್ಬುತ್ತಿತ್ತಂತೆ, ಎರಡು ಮೂರು ಸಲ ಹೊರಗೆ ಹೋಗಬೇಕಾಗುತ್ತಿತ್ತಂತೆ. ತಂಗಿಯ ಮಗಳ ಮದುವೆಗೆ ಮಸ್ಕಿಗೆ ಹೋದಾಗ ಬಸ್ಸಿನಲ್ಲಿ ಬಹಳ ಕಷ್ಟ ಆಗಿತ್ತಂತೆ. ಯಾರಿಗೂ ಹೇಳಿಲ್ಲ. ಗಂಡುಮಗನಿಗೆ ಹೇಗೆ ಹೇಳುವುದು ಅಂತ ಸುಮ್ಮನಿದ್ದಳು. ಅಂಥ ಹೊತ್ತಿನಲ್ಲಿ ಈ ಸುದ್ದಿ ಬಂದಿದೆ. ಅವಳಿಗೆ ಬೇಕಾಗಿದ್ದು ಗುಳಿಗೆ ಬಿಡಲು ಒಂದು ಕಾರಣ. ಅದು ಸಿಕ್ಕಿತು.

ನಾನು ವೆಬ್‌ಸೈಟ್ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. 11 ವರ್ಷ ಗುಳಿಗೆ ತಂದುಕೊಟ್ಟವನು ಅದು ಒಗ್ಗುತ್ತದೆಯಾ ಅಂತ ಒಂದು ದಿನವೂ ಕೇಳಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ಈ ಸಲ ಬೇಗ ಹೋಗಿದ್ದೆ, ಮಂದಿ ಕಡಿಮೆ ಇದ್ದರು. ಈ ಗುಳಿಗೆಯಿಂದ ಹೊಟ್ಟೆಯ ತೊಂದರೆ ಬಹಳ ಜನಕ್ಕೆ ಆಗುತ್ತದೆ ಅಂದರು. ನಿಧಾನಕ್ಕೆ ಕರಗುವ ಬಗೆಯದು ಬರೆದುಕೊಟ್ಟರು, ಊಟದ ಜೊತೆಗೇ ತಗೊಳ್ಳಬೇಕು ಅಂದರು. ಆರು ದಿನದಿಂದ ತಗೊಳ್ಳುತ್ತಿದ್ದಾಳೆ. ಹೊಟ್ಟೆ ಹಗುರ ಇದೆ ಅನ್ನುತ್ತಾಳೆ. ಬೆಂಡೆಕಾಯಿ ಈಗ ಪಲ್ಯಕ್ಕೆ ಮಾತ್ರ. ನಿನ್ನೆ ಖಾಲಿ ಹೊಟ್ಟೆಯಲ್ಲಿ 172 ಬಂತು. ಲ್ಯಾಬ್ ಅಕ್ಕ ಹೇಳಿದ ಮೂರು ತಿಂಗಳ ಶುಗರ್ 8.9 ಬಂದಿದೆ.

ಪಕ್ಕದ ಮನೆಯ ಹುಡುಗಿಯನ್ನು ಬೈಯಲಿಲ್ಲ. ಅವ್ವನಿಗೆ ಒಳ್ಳೆಯದಾಗಲಿ ಅಂತಲೇ ಓದಿದ ಮಗು. ಅವಳಿಗೂ ಪಬ್‌ಮೆಡ್ ತೋರಿಸಿದೆ. ನನಗಿಂತ ಬೇಗ ಹುಡುಕುತ್ತಾಳೆ. ಆ ವೆಬ್‌ಸೈಟಿಗೂ ಬರೆದಿದ್ದೇನೆ, ಯಾವ ವಿಶ್ವವಿದ್ಯಾಲಯ, ಯಾವ ವರ್ಷ, ಮನುಷ್ಯರೋ ಇಲಿಗಳೋ ಅಂತ. ಇನ್ನೂ ಉತ್ತರ ಬಂದಿಲ್ಲ. ಅಕ್ಕಾ, ಈ 8.9 ಮತ್ತೆ ಯಾವಾಗ ನೋಡಿಸಬೇಕು?

ಲ್ಯಾಬ್ ಅಕ್ಕ, ಬಳ್ಳಾರಿ:

ಮೂರು ತಿಂಗಳು ಬಿಟ್ಟು ಮಾಡಿಸಿ ಅಣ್ಣಾ. ಅದಕ್ಕಿಂತ ಬೇಗ ಮಾಡಿಸಿದರೆ ಹಳೆಯ ವಾರಗಳ ಶುಗರೂ ಅದರಲ್ಲಿ ಸೇರಿರುತ್ತದೆ, ಸುಮ್ನೆ ದುಡ್ಡು ದಂಡ. ಜೊತೆಗೆ ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕಡಿಮೆ ಇದ್ದರೆ ಈ ಪರೀಕ್ಷೆಯ ಸಂಖ್ಯೆ ಹೆಚ್ಚುಕಡಿಮೆ ಬರಬಹುದು. ಇನ್ನೊಂದು ಮಾತು. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಿಗೆ ಬಿ12 ವಿಟಮಿನ್ ಕಡಿಮೆ ಆಗುವುದುಂಟು. ಅವ್ವನಿಗೆ ಅಂಗಾಲು ಜುಮ್ ಅನ್ನುತ್ತದೆಯಾ, ಉರಿಯುತ್ತದೆಯಾ, ನೀವೇ ಕೇಳಿ. ಹೌದು ಅಂದರೆ ಡಾಕ್ಟರಿಗೆ ಹೇಳಿ, ಬಿ12 ಪರೀಕ್ಷೆಯನ್ನೂ ಬರೆದುಕೊಡುತ್ತಾರೆ.

ಸಿಂಧನೂರು ಬೀಜದಂಗಡಿ:

ಈಗಲೇ ಕೇಳಿದೆ ಅಕ್ಕಾ. ಎರಡು ವರ್ಷದಿಂದ ಜುಮ್ ಅನ್ನುತ್ತಿದೆಯಂತೆ. ಸೋಮವಾರ ಕರೆದುಕೊಂಡು ಹೋಗುತ್ತೇನೆ.